ಮಳೆಯ ಮರುದಿನ ಗ್ರೀನ್‌ನ ಮಣ್ಣು

ಬೆಂಗಳೂರಿನ ಹೊರವಲಯದ ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸ ನನ್ನದು. ಗುಳಿ ಇರುವ ಗ್ರೀನ್‌ಗಳಲ್ಲಿ ಬೆಳೆಯೋದು ಗಣಪತಿಗೆ ಏರಿಸುವ ಗರಿಕೆಯದೇ ಮಿಶ್ರ ತಳಿ. ಅದನ್ನು 3-4 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸುತ್ತೇವೆ. ಅಷ್ಟು ಗಿಡ್ಡ ಮಾಡಿ, ಮೇಲೆ ಜನ ಓಡಾಡಿದರೂ ಅದು ಚೇತರಿಸಿಕೊಳ್ಳಬೇಕು. ಅದಕ್ಕೆ ಸಾರಜನಕ ಬೇಕೇ ಬೇಕು.

ಮೇ ತಿಂಗಳ ಒಂದು ಸಂಜೆ, ಟೂರ್ನಿ ಹತ್ತಿರ ಬಂತೆಂದು ಗ್ರೀನ್‌ಗಳಿಗೆ ಸಾರಜನಕದ ಗೊಬ್ಬರವಾದ ಕ್ಯಾಲ್ಸಿಯಂ ನೈಟ್ರೇಟ್ ಹಾಕಿಸಿದ್ದೆವು. ರಾತ್ರಿಯೆಲ್ಲ ಜೋರು ಮಳೆ. ಬೆಳಗ್ಗೆ ನಾನು ಬರುವಷ್ಟರಲ್ಲಿ ಸೂಪರ್‌ವೈಸರ್ ಚೀಲಗಳನ್ನು ಟ್ರಾಲಿಗೆ ಏರಿಸಿಬಿಟ್ಟಿದ್ದರು. 'ಗೊಬ್ಬರ ಎಲ್ಲ ತೊಳೆದುಹೋಗಿರುತ್ತೆ ಸಾರ್, ಇನ್ನೊಂದು ಸಲ ಹಾಕಿಬಿಡೋಣ್ವಾ?' ನ್ಯಾಯವಾದ ಪ್ರಶ್ನೆಯೇ. ಆದರೆ ಉತ್ತರ ಮಣ್ಣಿನಲ್ಲಿತ್ತು. ಮೊದಲು ನೋಡೋಣ ಅಂದೆ.

ಟೊಳ್ಳು ಕೊಳವೆಯನ್ನು ತಿರುಗಿಸುತ್ತಾ ಒತ್ತಿ ಮಣ್ಣಿನ ಕಡ್ಡಿ ತೆಗೆದೆವು. ಮೇಲೆ ಒಂದು ಬೆರಳಗಲ ಕಪ್ಪು, ಸತ್ತ ಬೇರು-ಕಾಂಡಗಳ ಸ್ಪಂಜು. ಅದರ ಕೆಳಗೆ ಬರೀ ಮರಳು. ಬಿಳಿ ಬೇರುಗಳು ದಟ್ಟವಾಗಿದ್ದದ್ದು ಮೇಲಿನ ಅರ್ಧ ಗೇಣಿನಲ್ಲೇ. ಆಮೇಲೆ ಅಲ್ಲೊಂದು ಇಲ್ಲೊಂದು. ಗ್ರೀನ್‌ನ ಬೇರೆ ಬೇರೆ ಕಡೆಯಿಂದ ತೆಗೆದ ಕಡ್ಡಿಗಳನ್ನು ಎರಡು ಭಾಗ ಮಾಡಿದೆವು: ಮೇಲಿನ 10 ಸೆಂಟಿಮೀಟರ್ ಒಂದು ಬಕೆಟ್‌ಗೆ, ಅದರ ಕೆಳಗಿನದ್ದು ಇನ್ನೊಂದಕ್ಕೆ. ಸ್ವಲ್ಪ ಸ್ವಲ್ಪ ಮಣ್ಣನ್ನು ಕ್ಯಾಲ್ಸಿಯಂ ಕ್ಲೋರೈಡ್ ನೀರಿನಲ್ಲಿ ಕುಲುಕಿ, ಸೋಸಿ, ನೈಟ್ರೇಟ್ ಪಟ್ಟಿ ಅದ್ದಿದೆ. ಪಟ್ಟಿಯ ಬಣ್ಣ ಗುಲಾಬಿಯಾದಷ್ಟೂ ನೈಟ್ರೇಟ್ ಜಾಸ್ತಿ. ಮೇಲಿನ ಮಣ್ಣಿನ ಪಟ್ಟಿ ಬಿಳುಪಾಗಿಯೇ ಉಳಿಯಿತು, ಅಂಚಿಗೆ ಮಾತ್ರ ಒಂಚೂರು ರಂಗು. ಕೆಳಗಿನದು ಗಾಢ ಗುಲಾಬಿ.

ಮಾಲಿಗಳೆಲ್ಲ ಬಗ್ಗಿ ನೋಡಿದರು. ಬಾಯಲ್ಲಿ ಹೇಳಿದ್ದರೆ ಅಷ್ಟು ಮನಸ್ಸಿಗೆ ಇಳಿಯುತ್ತಿರಲಿಲ್ಲ ಅನಿಸುತ್ತೆ. ಮಣ್ಣಿನ ಕಣಗಳಿಗೂ ನೈಟ್ರೇಟ್‌ಗೂ ಇರುವುದು ಒಂದೇ ಬಗೆಯ, ಋಣ ವಿದ್ಯುದಂಶ. ಹಾಗಾಗಿ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳೋದಿಲ್ಲ, ನೀರು ಹೋದ ಕಡೆ ಅದೂ ಹೋಗುತ್ತೆ. ಸಾರಜನಕದ ಇನ್ನೊಂದು ರೂಪವಾದ ಅಮೋನಿಯಂ ಹಾಗಲ್ಲ, ಜೇಡಿಗೆ ಅಂಟಿಕೊಳ್ಳುತ್ತೆ. ಗ್ರೀನ್‌ವರೆಗೆ ಚೆಂಡು ಹೊಡೆದುಕೊಂಡು ಬರುವ ಉದ್ದನೆಯ ಹುಲ್ಲುಹಾದಿ, ಅಂದರೆ ಫೇರ್‌ವೇಯ ಕೆಂಪು ಮಣ್ಣಿನಲ್ಲಾದರೆ ಅಂಥ ಜೇಡಿ ಇದೆ. ಮರಳಿನ ಗ್ರೀನ್‌ನಲ್ಲಿ ಅದೂ ಕಡಿಮೆ.

ಈಗ ಮೇಲೆ ಇನ್ನೊಂದು ಕಂತು ಸುರಿದು, ಸಂಜೆ ಮತ್ತೆ ಮಳೆ ಬಂದರೆ? ಅದೂ ಬೇರು ದಾಟಿ, ಮರಳಿನ ಅಡಿಯ ಜಲ್ಲಿ ದಾಟಿ, ಪೈಪಿನಲ್ಲಿ ನಮ್ಮ ಕೊಳಕ್ಕೆ ಹೋಗುತ್ತೆ. ಕೊಳದ ಆಚೆಗೆ ತೋಟಗಳಿವೆ, ಬೋರ್‌ವೆಲ್‌ಗಳಿವೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದ ಮಾನದಂಡವಿದೆ. ದಾಟಿದರೆ ಮೊದಲು ತೊಂದರೆ ಆಗೋದು ಹಸುಗೂಸುಗಳಿಗೆ. ಆಟದ ಹುಲ್ಲು ಕಡುಹಸಿರಾಗಲಿ ಅಂತ ಇನ್ನೊಬ್ಬರ ನೀರಿಗೆ ಗೊಬ್ಬರ ಇಳಿಸುವುದು ನನ್ನಿಂದ ಆಗೋದಿಲ್ಲ. ಚೀಲಗಳು ಗೋದಾಮಿಗೆ ವಾಪಸ್ ಹೋದವು.

ಲ್ಯಾಬಿಗೂ ಮಾದರಿ ಕಳಿಸಿದೆ. ತಂಪು ಪೆಟ್ಟಿಗೆಯಲ್ಲೇ ಕಳಿಸಬೇಕು, ಇಲ್ಲದಿದ್ದರೆ ದಾರಿಯಲ್ಲೇ ಸೂಕ್ಷ್ಮಜೀವಿಗಳು ಲೆಕ್ಕ ಬದಲಿಸಿಬಿಡುತ್ತವೆ. ವರದಿ ಬಂತು: ಲಭ್ಯ ಸಾರಜನಕ 'ಕಡಿಮೆ'. ಹೆಕ್ಟೇರಿಗೆ 280 ಕಿಲೋಗಿಂತ ಕಮ್ಮಿ ಇದ್ದರೆ ಹಾಗೆ ಬರೆಯೋದು ವಾಡಿಕೆ. ರಾಗಿ, ಭತ್ತದ ಹೊಲಕ್ಕೆ ಆ ಅಳತೆ ಸರಿ. ಮರಳಿನ ಗ್ರೀನ್ ಯಾವತ್ತೂ 'ಕಡಿಮೆ'ಯೇ. ಅದನ್ನೇ ನಂಬಿ ಸುಮ್ನೆ ಯೂರಿಯಾ ಸುರಿದರೆ ಆ ಕಪ್ಪು ಸ್ಪಂಜು ದಪ್ಪವಾಗುತ್ತೆ, ಚೆಂಡು ನಿಧಾನವಾಗುತ್ತೆ, ರೋಗವೂ ಬರುತ್ತೆ.

ಹಾಗಾದರೆ ಎಷ್ಟು ಹಾಕೋದು? ನನಗೆ ಹೆಚ್ಚು ನಂಬಿಕೆ ಹುಲ್ಲು ಕತ್ತರಿಸುವ ಯಂತ್ರದ, ಅಂದರೆ ಮೊವರ್‌ನ ಬುಟ್ಟಿಯ ಮೇಲೆ. ಕತ್ತರಿಸಿದ ಹುಲ್ಲನ್ನು ಒಣಗಿಸಿದರೆ ಅದರ ತೂಕದಲ್ಲಿ ಹೆಚ್ಚುಕಮ್ಮಿ ಶೇಕಡಾ 4 ಸಾರಜನಕವೇ. ಬುಟ್ಟಿ ಎಷ್ಟು ತುಂಬಿತು ಅಂತ ನೋಡಿದರೆ ಹುಲ್ಲು ಎಷ್ಟು ಉಂಡಿದೆ ಅಂತ ತಿಳಿಯುತ್ತೆ. ಅಂದಿನಿಂದ ಪ್ರತಿ ಗ್ರೀನ್‌ನ ಕ್ಲಿಪ್ಪಿಂಗ್ ಅನ್ನು ಗುರುತು ಹಾಕಿದ ಬಕೆಟ್‌ನಲ್ಲಿ ಅಳೆದು ಬರೆಯುತ್ತಿದ್ದೇವೆ. ಬರೆಯೋದು ಸೂಪರ್‌ವೈಸರೇ. ಅಳತೆ ಇಳಿದರೆ ಚದರ ಮೀಟರಿಗೆ ಅರ್ಧ ಗ್ರಾಂ ಸಾರಜನಕ, ಅಮೋನಿಯಂ ಸಲ್ಫೇಟ್ ಕರಗಿಸಿ ಸಿಂಪಡಿಸುತ್ತೇವೆ. ಮೋಡ ಕವಿದಿದ್ದರೆ ಅದೂ ಇಲ್ಲ.