ಪಾತ್ರ ಬರೆಯುವ ಪತ್ರ: ಲಾರ್ಪ್ ಆಟಕ್ಕೆ ಒಕ್ಕಣೆ, ಕಾಗದ, ಅರಗು, ಗೂಢಲಿಪಿ

ಲಾರ್ಪ್, ಅಂದರೆ ಲೈವ್ ಆಕ್ಷನ್ ರೋಲ್ ಪ್ಲೇಯಿಂಗ್, ವೇಷ ತೊಟ್ಟು ಒಂದು ಪಾತ್ರವಾಗಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಆಡುವ ಆಟ. ಪ್ರೇಕ್ಷಕರಿರುವುದಿಲ್ಲ, ಬಾಯಿಪಾಠದ ಮಾತೂ ಇರುವುದಿಲ್ಲ. ಒಂದು ಕೂಟಕ್ಕೂ ಮುಂದಿನ ಕೂಟಕ್ಕೂ ನಡುವೆ ತಿಂಗಳುಗಳೇ ಉರುಳುವುದುಂಟು. ಆ ಅವಧಿಯಲ್ಲಿ ಪಾತ್ರಗಳನ್ನು ಉಸಿರಾಡಿಸುವುದು ಪತ್ರಗಳು. ದಳಪತಿ ದಳಪತಿಗೆ ಬರೆಯುತ್ತಾನೆ, ವ್ಯಾಪಾರಿ ಸಾಲಗಾರನಿಗೆ ಬರೆಯುತ್ತಾಳೆ, ಗೂಢಚಾರ ಯಾರಿಗೆ ಬರೆದ ಎಂಬುದೇ ಮುಂದಿನ ಕೂಟದ ಕಥೆಯಾಗುತ್ತದೆ.

ಇಂಥ ಪತ್ರ ನೋಡಲು ಹಳೆಯದಾಗಿರಬೇಕು ಎನ್ನುವುದರ ಮೇಲೇ ಹೆಚ್ಚಿನವರ ಗಮನ. ಕಾಗದಕ್ಕೆ ಬಣ್ಣ, ಅಂಚಿಗೆ ಸುಟ್ಟ ಕಲೆ, ಕೆಂಪು ಮುದ್ರೆ. ಅದೆಲ್ಲ ಚೆಂದವೇ. ಆದರೆ ಪತ್ರ ಮೊದಲು ಆಟದ ಒಂದು ನಡೆ. ಓದಿದ ಪಾತ್ರ ಏನಾದರೂ ಮಾಡಲೇಬೇಕಾಗಬೇಕು: ಒಪ್ಪಬೇಕು, ನಿರಾಕರಿಸಬೇಕು, ಮುಚ್ಚಿಡಬೇಕು, ಇಲ್ಲವೇ ಇನ್ನೊಬ್ಬರ ಬಳಿಗೆ ಓಡಬೇಕು. ಆದ್ದರಿಂದ ಒಕ್ಕಣೆಯಿಂದಲೇ ಶುರು ಮಾಡುತ್ತೇನೆ.

ಒಂದು ಪತ್ರಕ್ಕೆ 120ರಿಂದ 180 ಪದ ಸಾಕು. ಅದರೊಳಗೆ ಮೂರು ಇರಲಿ: ಓದುವವನಿಗೆ ಗೊತ್ತಿಲ್ಲದ ಒಂದು ಸುದ್ದಿ, ಅವನಿಂದ ಬೇಕಾದ ಒಂದು ಕೆಲಸ, ಅದಕ್ಕೊಂದು ಗಡುವು. ನಾಲ್ಕನೆಯದಾಗಿ ಒಂದು ಸುಳ್ಳೋ ಅರ್ಧಸತ್ಯವೋ ಸೇರಿದರೆ ರುಚಿ ಹೆಚ್ಚು. ಉದಾಹರಣೆಗೆ:

“ನೀವು ಕಳಿಸಿದ ಮೂರು ಕುದುರೆಗಳಲ್ಲಿ ಎರಡು ಬಂದು ಮುಟ್ಟಿದವು. ಮೂರನೆಯದರ ಲೆಕ್ಕವನ್ನು ನಿಮ್ಮ ತಮ್ಮನನ್ನು ಕೇಳಿ, ನನ್ನನ್ನಲ್ಲ. ಅಮಾವಾಸ್ಯೆಗೆ ಮೊದಲು ಉತ್ತರದ ಹೆಬ್ಬಾಗಿಲ ಕೀಲಿ ನನ್ನ ಕೈ ಸೇರಬೇಕು. ತಪ್ಪಿದರೆ, ಹೋದ ವರ್ಷ ಗಿರಣಿಯಲ್ಲಿ ನಡೆದದ್ದನ್ನು ಸಭೆಯ ಮುಂದಿಡುತ್ತೇನೆ.”

ಇಷ್ಟರಲ್ಲೇ ಓದಿದವನಿಗೆ ಮೂರು ದಾರಿ ತೆರೆಯಿತು: ತಮ್ಮನ ಜೊತೆ ಜಗಳ, ಕೀಲಿಯ ಕಳವು, ಗಿರಣಿಯ ಗುಟ್ಟು. ಇದರ ಬದಲು ಎರಡು ಪುಟ ತುಂಬ ತನ್ನ ಬಾಲ್ಯ, ವಂಶ, ಕೊರಗು ಬರೆದು ಕಳಿಸಿದರೆ ಓದಿದವನು ತಲೆದೂಗಿ ಎತ್ತಿಡುತ್ತಾನೆ, ಅಷ್ಟೆ. ಉತ್ತರ ಬಾರದ ಪತ್ರಗಳಲ್ಲಿ ಬಹುಪಾಲು ಹೀಗೆ ಉತ್ತರವನ್ನೇ ಕೇಳದ ಪತ್ರಗಳು.

ಮೇಲಿನ ಪತ್ರದಲ್ಲೊಂದು ಅಪಾಯವೂ ಇದೆ. ಆ ಪಾತ್ರಕ್ಕೆ ತಮ್ಮನಿದ್ದಾನೆಯೇ? ಗಿರಣಿಯಲ್ಲಿ ನಿಜಕ್ಕೂ ಏನಾದರೂ ನಡೆದಿತ್ತೇ? ಇನ್ನೊಬ್ಬರ ಪಾತ್ರದ ನೆಂಟರನ್ನು, ಹಳೆಯ ಪಾಪಗಳನ್ನು ನಾವೇ ಹುಟ್ಟಿಸಿ ಪತ್ರದಲ್ಲಿಟ್ಟರೆ ಅವರ ಕಥೆಗೆ ಕೈ ಹಾಕಿದಂತಾಗುತ್ತದೆ. ಕಳಿಸುವ ಮೊದಲು ಆಟದ ಹೊರಗೆ ಒಂದು ಸಾಲಿನ ಸಂದೇಶ ಹಾಕಿ ಕೇಳಿಕೊಂಡರೆ ಕೆಲಸ ಮುಗಿಯಿತು. ಇಡೀ ಪತ್ರ ಓದಿಸಬೇಕಿಲ್ಲ, ಸಂಗತಿಗೆ ಒಪ್ಪಿಗೆ ಸಿಕ್ಕರೆ ಸಾಕು. ಆಟದ ಲೋಕದ ಸಂಗತಿಗಳಿಗೆ, ಅಂದರೆ ಸೇತುವೆ ಮುರಿಯಿತು, ದೊರೆ ಸತ್ತ ಎಂಬಂಥವಕ್ಕೆ, ಆಯೋಜಕರ ಒಪ್ಪಿಗೆಯೇ ಬೇಕು. ಒಪ್ಪಿಗೆ ಇಲ್ಲದೆಯೂ ಬರೆಯಬಹುದಾದ ದಾರಿ ಒಂದಿದೆ: “ಸೇತುವೆ ಮುರಿದಿದೆಯಂತೆ” ಎನ್ನಿ. ವದಂತಿ ಸುಳ್ಳಾದರೂ ಆಟ ಕೆಡುವುದಿಲ್ಲ.

ಪತ್ರಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗುವುದು ಸಾಮಾನ್ಯ. ಮೊದಲ ಪತ್ರಕ್ಕೆ ಉತ್ತರ ಬರುವಷ್ಟರಲ್ಲಿ ಎರಡನೆಯದು ಹೋಗಿರುತ್ತದೆ. ಹಾಗಾಗಿ ತಲೆಬರಹದಲ್ಲೇ “ಇದು ನನ್ನ ನಾಲ್ಕನೆಯ ಪತ್ರ, ನಿಮ್ಮ ಎರಡನೆಯದು ಮುಟ್ಟಿದೆ” ಎಂದು ಬರೆಯಿರಿ. ತಾರೀಕು ಆಟದ ಪಂಚಾಂಗದ್ದೇ ಇರಲಿ. ಕಳಿಸುವ ಮುನ್ನ ಪ್ರತಿ ಪತ್ರದ ಫೋಟೋ ತೆಗೆದು ಆಯೋಜಕರಿಗೂ ಒಂದು ಪ್ರತಿ ಕೊಡಿ. ಪತ್ರ ಕಳೆದುಹೋದರೆ, ಅಥವಾ ಇನ್ನೊಂದು ಬಣದವರು ದಾರಿಯಲ್ಲಿ ಅಡ್ಡಗಟ್ಟಿ ಓದಿದರು ಎಂದು ತೀರ್ಮಾನವಾದರೆ, ಆ ಪ್ರತಿಯೇ ಆಧಾರ.

ಧ್ವನಿಯ ವಿಷಯಕ್ಕೆ ಬಂದರೆ, ಹಳಗನ್ನಡದ ಪದಗಳನ್ನು ಅಲ್ಲಲ್ಲಿ ತುರುಕುವುದು ಬೇಡ. ಪಾತ್ರ ಯಾವ ಮಾತನ್ನು ಬರೆಯಲು ಹಿಂಜರಿಯುತ್ತದೆ ಎಂದು ಮೊದಲು ತೀರ್ಮಾನಿಸಿ. ಕ್ಷಮೆ ಕೇಳದ ಸೇನಾಪತಿ, ಹಣದ ಹೆಸರೆತ್ತದ ಜಮೀನ್ದಾರಿಣಿ, ಇಂಥವರ ಪತ್ರವನ್ನು ಸಹಿ ನೋಡದೆಯೂ ಗುರುತಿಸಬಹುದು. ಪಾತ್ರಕ್ಕೆ ಓದುಬರಹ ಬಾರದಿದ್ದರೆ ಇನ್ನೂ ಒಳ್ಳೆಯದು: ಅವನು ಹೇಳುತ್ತಾನೆ, ಲಿಪಿಕಾರ ಬರೆಯುತ್ತಾನೆ, ಕೊನೆಯಲ್ಲಿ ಲಿಪಿಕಾರ ತನ್ನದೊಂದು ಸಾಲನ್ನು ಅವನಿಗೆ ತಿಳಿಯದಂತೆ ಸೇರಿಸುತ್ತಾನೆ.

ಇನ್ನು ಕಾಗದ. ಚದರ ಮೀಟರಿಗೆ 90ರಿಂದ 120 ಗ್ರಾಂ ತೂಕದ್ದು ತೆಗೆದುಕೊಳ್ಳಿ. ಅದಕ್ಕಿಂತ ತೆಳುವಾದರೆ ಶಾಯಿ ಹಿಂಬದಿಗೆ ಕಾಣಿಸುತ್ತದೆ, ದಪ್ಪವಾದರೆ ಮಡಿಕೆ ನಿಲ್ಲುವುದಿಲ್ಲ. ಚಹಾ ಬಣ್ಣಕ್ಕೆ ಅರ್ಧ ಲೀಟರ್ ಕುದಿನೀರಿಗೆ ಎರಡು ಟೇಬಲ್ ಚಮಚ ಚಹಾಪುಡಿ ಹಾಕಿ, ಹತ್ತು ನಿಮಿಷ ಬಿಟ್ಟು ಸೋಸಿ ಆರಿಸಿ. ಸಕ್ಕರೆ ಬೆರೆತಿರಬಾರದು, ಕಾಗದ ಅಂಟುತ್ತದೆ. ಗಾಜು ಅಥವಾ ಸ್ಟೀಲ್ ತಟ್ಟೆಯಲ್ಲಿ ಮೂರರಿಂದ ಐದು ನಿಮಿಷ ನೆನೆಸಿ. ಕಬ್ಬಿಣದ ಪಾತ್ರೆ ಬೇಡ: ಚಹಾದ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಬೂದು-ಕಪ್ಪು ಕಲೆ ಬೀಳುತ್ತದೆ. ಬಟ್ಟೆಯ ಮೇಲೆ ಹರಡಿ ಒಣಗಿಸಿ, ಮೇಲೊಂದು ಬಟ್ಟೆ ಹಾಕಿ ಇಸ್ತ್ರಿ ಮಾಡಿದರೆ ಸುಕ್ಕು ಹೋಗುತ್ತದೆ.

ನೆನೆದ ಕಾಗದದ ಮೇಲ್ಪದರದ ಅಂಟು ಸಡಿಲವಾಗುತ್ತದೆ, ಆಮೇಲೆ ನಿಬ್ಬಿನಿಂದ ಬರೆದರೆ ಶಾಯಿ ಎಳೆಎಳೆಯಾಗಿ ಹರಡುತ್ತದೆ. ನೀರಿಗೆ ಕರಗದ ಪಿಗ್ಮೆಂಟ್ ಶಾಯಿಯಲ್ಲಿ ಮೊದಲು ಬರೆದು, ಪೂರ್ತಿ ಒಣಗಿಸಿ, ನಂತರ ಚಹಾದಲ್ಲಿ ಅದ್ದುವುದು ಲೇಸು. ಇಂಕ್‌ಜೆಟ್ ಮುದ್ರಣದ ಬಣ್ಣ ಅದ್ದಿದ ಕೂಡಲೇ ಕದಡಿ ಹೋಗುವ ಸಂಭವ ಹೆಚ್ಚು, ಲೇಸರ್ ಮುದ್ರಣ ತಡೆಯುತ್ತದೆ. ಬರೆಯಲು ಪಿಗ್ಮೆಂಟ್ ಜೆಲ್ ಪೆನ್ ಸಾಕು.

ಕೂಟದಲ್ಲಿ ಪತ್ರ ಓದುವುದು ಹೆಚ್ಚಾಗಿ ಲಾಂದ್ರದ ಬೆಳಕಿನಲ್ಲಿ. ಕಂದು ಕಾಗದದ ಮೇಲೆ ಕಂದು ಶಾಯಿ ಹಗಲಲ್ಲಿ ಎಷ್ಟು ಸೊಗಸೋ ರಾತ್ರಿ ಅಷ್ಟೇ ನಿಷ್ಪ್ರಯೋಜಕ. ಕಪ್ಪು ಶಾಯಿ, ಸಾಲುಗಳ ನಡುವೆ 10 ಮಿಲಿಮೀಟರ್, ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಷ್ಟು ಜಾಗ ಇರಲಿ. ಮನೆಯ ಬೆಳಕು ಆರಿಸಿ, ಒಂದೇ ಮೇಣದಬತ್ತಿಯಲ್ಲಿ ಓದಿ ನೋಡಿದರೆ ಗೊತ್ತಾಗುತ್ತದೆ.

ಅಚ್ಚಾದ ಲಕೋಟೆಗಳು ಸಾಮಾನ್ಯವಾಗುವ ಮೊದಲು, 19ನೇ ಶತಮಾನದವರೆಗೂ, ಯುರೋಪಿನಲ್ಲಿ ಪತ್ರದ ಹಾಳೆಯನ್ನೇ ಮಡಿಸಿ ಭದ್ರಪಡಿಸುತ್ತಿದ್ದರು. ಸ್ಕಾಟ್ಲೆಂಡಿನ ರಾಣಿ ಮೇರಿ 1587ರ ಫೆಬ್ರವರಿ 8ರ ನಸುಕಿನಲ್ಲಿ, ಮರಣದಂಡನೆಗೆ ಕೆಲವೇ ಗಂಟೆ ಮೊದಲು ಬರೆದ ಕೊನೆಯ ಪತ್ರಕ್ಕೆ ಅದೇ ಹಾಳೆಯಿಂದ ಕತ್ತರಿಸಿದ ಪಟ್ಟಿಯನ್ನು ಹೊಲಿದಂತೆ ಹೆಣೆದು ಬೀಗ ಹಾಕಿದ್ದಳು. ನಮಗೆ ಅಷ್ಟು ಬೇಕಿಲ್ಲ. ಎ4 ಹಾಳೆಯ ಒಂದೇ ಬದಿಗೆ ಬರೆದು, ಬರಹ ಮೇಲೆ ಮಾಡಿ ನಿಲುವಾಗಿ ಇಡಿ. ಎಡ ಬಲ ಅಂಚುಗಳನ್ನು ತಲಾ 50 ಮಿಲಿಮೀಟರ್ ಒಳಕ್ಕೆ ಮಡಿಸಿ. ಕೆಳತುದಿಯನ್ನು 80 ಮಿಲಿಮೀಟರ್ ಮೇಲಕ್ಕೆ, ಮೇಲ್ತುದಿಯನ್ನು 100 ಮಿಲಿಮೀಟರ್ ಕೆಳಕ್ಕೆ ಮಡಿಸಿ, ಮೇಲಿನ ಮಡಿಕೆಯ ತುದಿಯನ್ನು ಕೆಳಗಿನ ಮಡಿಕೆಯ ಪದರಗಳ ನಡುವಿನ ಬಾಯೊಳಗೆ ತೂರಿಸಿ. ಎರಡರ ಅಗಲ ಒಂದೇ ಆದ್ದರಿಂದ ಸಿಕ್ಕಿಕೊಳ್ಳುತ್ತದೆ. ಒಳಹೋಗುವ ತುದಿಯ ಎರಡೂ ಮೂಲೆಗಳನ್ನು ಐದು ಮಿಲಿಮೀಟರ್ ಓರೆಯಾಗಿ ಮಡಿಸಿದರೆ ಸಲೀಸು. ತುದಿ ಒಳಹೋಗುವ ಗೆರೆಯ ಮೇಲೆ ಅರಗು, ಹಿಂಬದಿಯ ಖಾಲಿ ಜಾಗದಲ್ಲಿ ಮೇಲ್ವಿಳಾಸ. ಬರೀ ಹೆಸರು ಸಾಲದು, ಓಲೆಕಾರನಿಗೆ ಮುಖಪರಿಚಯ ಇರುವುದಿಲ್ಲ. “ನೀಲಿ ನಿಲುವಂಗಿಯ ವೈದ್ಯೆಗೆ” ಎಂದು ಸೇರಿಸಿ.

ಮೇಣದಬತ್ತಿಯ ಮೇಣ ಅರಗಿನ ಕೆಲಸ ಮಾಡುವುದಿಲ್ಲ. ಕಾಗದಕ್ಕೆ ಎಣ್ಣೆಕಲೆ ಬಿಡುತ್ತದೆ, ಬಗ್ಗಿಸಿದರೆ ಸೀಳುತ್ತದೆ. ಗ್ಲೂ ಗನ್ನಿಗೆ ಹಾಕುವ ಅರಗಿನ ಕಡ್ಡಿ ಬಾಗುತ್ತದೆ, ಅಂಚೆಗೂ ತಡೆಯುತ್ತದೆ. 25 ಮಿಲಿಮೀಟರ್ ಮುದ್ರೆಗೆ ಮುದ್ರೆಗಿಂತ ತುಸು ಚಿಕ್ಕ ಬಟ್ಟಿನಷ್ಟು ಅರಗು ಸುರಿದು, ಐದರಿಂದ ಹತ್ತು ಸೆಕೆಂಡ್ ಬಿಟ್ಟು ಒತ್ತಿ, ಮತ್ತೆ ಹದಿನೈದು ಸೆಕೆಂಡ್ ಅಲುಗಿಸದೆ ಹಿಡಿಯಿರಿ. ಮುದ್ರೆ ಬಿಸಿಯಾದರೆ ಅರಗು ಅದಕ್ಕೇ ಕಚ್ಚಿಕೊಂಡು ಮೇಲೇಳುತ್ತದೆ. ನಡುನಡುವೆ ಐಸ್ ಮೇಲಿಟ್ಟು, ನೀರೊರೆಸಿ ಬಳಸಬೇಕು.

ಗೂಢಲಿಪಿಗೆ ಕನ್ನಡ ವರ್ಣಮಾಲೆ ಹೇಳಿ ಮಾಡಿಸಿದಂತಿದೆ. ವರ್ಗೀಯ ವ್ಯಂಜನಗಳು ಐದು ಸಾಲು, ಐದು ಕಂಬ. ಮೊದಲ ಅಂಕಿ ಸಾಲಿಗೆ, ಎರಡನೆಯದು ಕಂಬಕ್ಕೆ: ಕ ಎಂದರೆ 11, ಮ ಎಂದರೆ 55. ಆರನೆಯ ಸಾಲಿಗೆ ಯ ರ ಲ ವ ಶ, ಏಳನೆಯದಕ್ಕೆ ಷ ಸ ಹ ಳ, ಉಳಿದ 75 ಅನುಸ್ವಾರಕ್ಕೆ. ಮೂರನೆಯ ಅಂಕಿ ಸ್ವರಕ್ಕೆ: ಅ ಆ ಇ ಈ ಉ ಊ ಎ ಏ ಒ ಓ, ಕ್ರಮವಾಗಿ 0ಯಿಂದ 9. ಋ, ಐ, ಔ ಬಂದರೆ ರು, ಅಯ್, ಅವ್ ಎಂದು ಬಿಡಿಸಿ. ಪದದ ಮೊದಲ ಸ್ವರಕ್ಕೆ 00 ಸೇರಿಸಿ, ಇ ಎಂದರೆ 002. ಅರ್ಧಾಕ್ಷರಕ್ಕೆ ಮೂರನೆಯ ಅಂಕಿಯ ಬದಲು ಅಡ್ಡಗೆರೆ. ಹೀಗೆ ‘ಸೇತುವೆ’ 727 414 646 ಆಗುತ್ತದೆ, ‘ಕತ್ತಿ’ 110 41- 412. ಸಾಲುಗಳ ಕ್ರಮ ಹೀಗೆಯೇ ಇದ್ದರೆ ಊಹಿಸುವುದು ಸುಲಭ. ಪ ಚ ತ ಕ ಟ ಎಂದೋ ಇನ್ನೊಂದು ರೀತಿಯಲ್ಲೋ ಕಲೆಸಿ, ಆ ಕ್ರಮವನ್ನೇ ಗುಟ್ಟಾಗಿಡಿ. ಇಡೀ ಪತ್ರವನ್ನು ಗೂಢಲಿಪಿಗೆ ಹಾಕಬೇಡಿ. ಸ್ಥಳ, ಹೊತ್ತು, ಒಂದು ಹೆಸರು ಸಾಕು. ಕೂಟದ ಗದ್ದಲದಲ್ಲಿ ನೂರು ಅಕ್ಷರ ಬಿಡಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ.

ನಿಜವಾದ ಅಂಚೆಯಲ್ಲಿ ಕಳಿಸುವಾಗ ಅರಗಿನ ಪತ್ರವನ್ನು ಮೆತ್ತನೆಯ ಒಳಪದರವಿರುವ ಹೊರಲಕೋಟೆಯಲ್ಲಿಡಿ. ಅದರೊಳಗೆ “ಇದು ಆಟದ ಪತ್ರ” ಎಂಬ ಬೇರೆ ಚೀಟಿ ಇರಲೇಬೇಕು. ಮನೆಯಲ್ಲಿ ಬೇರೆಯವರು ತೆರೆದು “ಗಿರಣಿಯಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ” ಎಂದು ಓದಿಕೊಂಡರೆ ನಿಜವಾದ ಭಯ ಹುಟ್ಟುತ್ತದೆ. ಪ್ರೇಮಪತ್ರಕ್ಕೂ ಬೆದರಿಕೆ ಪತ್ರಕ್ಕೂ ಓದುವ ಆಟಗಾರರ ಒಪ್ಪಿಗೆ ಮೊದಲೇ ಬೇಕು. ಪಾತ್ರದ ಭಾವನೆ ಆಟಗಾರನೊಳಗೆ ಇಳಿಯುವುದನ್ನು ಲಾರ್ಪ್ ಬಳಗ ಬ್ಲೀಡ್ ಎನ್ನುತ್ತದೆ. ಪತ್ರದಲ್ಲಿ ಅದು ಹೆಚ್ಚು, ಯಾಕೆಂದರೆ ಓದುವಾಗ ವೇಷವಿಲ್ಲ, ಜೊತೆಗಾರರಿಲ್ಲ, ಮತ್ತೆ ಮತ್ತೆ ಓದಲೂ ಬರುತ್ತದೆ. ಅಂಥ ಪತ್ರ ಕಳಿಸಿದ ಒಂದೆರಡು ದಿನದಲ್ಲಿ ಸ್ವಂತ ಹೆಸರಿನಲ್ಲಿ ಒಂದು ಸಂದೇಶ ಹಾಕಿ, ಹೇಗಿದ್ದೀರಿ, ಮುಂದಿನದು ಇದೇ ದಾರಿಯಲ್ಲಿ ಹೋಗಲಿಯೇ ಎಂದು ಕೇಳಿ. ಬೇಡ ಎಂದರೆ ಓಲೆಕಾರ ಹೊಳೆ ದಾಟುವಾಗ ಆ ಪತ್ರ ನೀರುಪಾಲಾಯಿತು ಎಂದು ಮುಂದಿನ ಪತ್ರದಲ್ಲಿ ಬರೆದರಾಯಿತು.