ತಾಯಿಗೂ ಮಗುವಿಗೂ ಒಂದೇ ಬಾಗಿಲು: ವಿನಿಪೆಗ್‌ನ ಮಧ್ಯಂತರ ಮನೆಗಳು

ಕೆನಡಾದ ವಿನಿಪೆಗ್‌ಗೆ ಬಂದು ನೆಲೆಸಿದ ಮೇಲೆ ಈ ಊರಿನ ಬಗ್ಗೆ ತಿಳಿದುಕೊಂಡ ಸಂಗತಿಗಳಲ್ಲಿ ಅತ್ಯಂತ ಕಹಿಯಾದದ್ದು ಒಂದು ಲೆಕ್ಕಾಚಾರ. ಮನೆಯಲ್ಲಿ ಜನ ಹೆಚ್ಚು, ಮಗುವಿಗೆ ಮಲಗಲು ಸರಿಯಾದ ಜಾಗವಿಲ್ಲ, ಚಳಿಗಾಲದಲ್ಲಿ ಹೀಟರ್ ಕೆಲಸ ಮಾಡುತ್ತಿಲ್ಲ ಎಂಬಂಥ ಕಾರಣಗಳನ್ನೂ ಒಟ್ಟುಗೂಡಿಸಿ ತಾಯಿ ‘ನಿರ್ಲಕ್ಷ್ಯ’ ತೋರಿದ್ದಾಳೆ ಎಂದು ಮಕ್ಕಳ ರಕ್ಷಣಾ ಸಂಸ್ಥೆ ತೀರ್ಮಾನಿಸಬಹುದು. ಆಗ ಮಗು ಪೋಷಕ ಕುಟುಂಬಕ್ಕೆ, ಅಂದರೆ ಸಂಸ್ಥೆ ಗೊತ್ತುಮಾಡುವ ಬೇರೊಂದು ಮನೆಗೆ ಹೋಗುತ್ತದೆ. ಮಗು ಹೋದ ಮೇಲೆ ಅದರ ಹೆಸರಿನಲ್ಲಿ ತಾಯಿಗೆ ಬರುತ್ತಿದ್ದ ಕೇಂದ್ರ ಸರ್ಕಾರದ ಮಾಸಿಕ ಭತ್ಯೆ ನಿಂತು, ಬೇರೊಂದು ಹೆಸರಿನಲ್ಲಿ ಆ ಸಂಸ್ಥೆಯ ಕಡೆಗೆ ತಿರುಗುತ್ತದೆ. ಸರ್ಕಾರಿ ನೆರವಿನಲ್ಲಿ ಬದುಕುತ್ತಿದ್ದರೆ ಕಡತದಲ್ಲಿ ಆಕೆ ಈಗ ಒಂಟಿ ಹೆಂಗಸು, ಆದ್ದರಿಂದ ಬಾಡಿಗೆಯ ನೆರವೂ ಇಳಿಯಬಹುದು. ಇಳಿದರೆ ಎರಡು ಕೋಣೆಯ ಮನೆ ಕೈತಪ್ಪುತ್ತದೆ. ಕೆಲವು ತಿಂಗಳ ನಂತರ ಮಗುವನ್ನು ಮರಳಿ ಕೊಡಿ ಎಂದು ಆಕೆ ಕೇಳಿದಾಗ, ಮೊದಲು ಎರಡು ಕೋಣೆಯ ಮನೆ ತೋರಿಸು ಎನ್ನುತ್ತಾರೆ.

ಈ ಸುತ್ತಿನಿಂದ ಹೊರಬರಲು ಮೊದಲು ಬೇಕಾದದ್ದು ಮನೆ. ತಾಯಿಯನ್ನು ಮಗುವಿನೊಂದಿಗೇ ಸೇರಿಸಿಕೊಳ್ಳುವ, ಮಗು ಇನ್ನೂ ಹಿಂದಿರುಗದಿದ್ದರೂ ಅದಕ್ಕೊಂದು ಹಾಸಿಗೆ ಕಾದಿರಿಸಿ ತಾಯಿಗೆ ಬೀಗದ ಕೈ ಕೊಡುವ ಮನೆ. ಇಂಥವನ್ನು ಇಲ್ಲಿ ಟ್ರಾನ್ಸಿಷನಲ್ ಹೌಸಿಂಗ್, ಅಂದರೆ ಮಧ್ಯಂತರ ಮನೆಗಳು, ಎನ್ನುತ್ತಾರೆ. ತುರ್ತು ಆಶ್ರಯತಾಣದಲ್ಲಿ ಕೆಲವೇ ವಾರ ಇರಬಹುದಾದರೆ, ಇಲ್ಲಿ ಕೆಲವು ತಿಂಗಳಿಂದ ಸುಮಾರು ಎರಡು ವರ್ಷದವರೆಗೆ ಕಾಲೂರಬಹುದು. ವಿನಿಪೆಗ್‌ನ ನೇಟಿವ್ ವಿಮೆನ್ಸ್ ಟ್ರಾನ್ಸಿಷನ್ ಸೆಂಟರ್ 1979ರಿಂದ ಮೂಲನಿವಾಸಿ ಹೆಂಗಸರಿಗೂ ಅವರ ಮಕ್ಕಳಿಗೂ ಆಸರೆಯಾಗಿದೆ. ವ್ಯಾಂಕೂವರ್‌ನ ಅಬೊರಿಜಿನಲ್ ಮದರ್ ಸೆಂಟರ್ ಒಂದೇ ಕಟ್ಟಡದಲ್ಲಿ ವಸತಿಯನ್ನೂ ಶಿಶುವಿಹಾರವನ್ನೂ ನಡೆಸುತ್ತದೆ. ರಜೆಯ ದಿನಗಳಲ್ಲಿ ಅಡುಗೆಮನೆಗೂ ಮಕ್ಕಳ ಕೋಣೆಗೂ ಕೈಜೋಡಿಸಲು ನಾನು ಹೋಗುವುದೂ ಮೂಲನಿವಾಸಿ ತಾಯಂದಿರ ಮನೆಗೇ, ಆದರೆ ಅದು ಇವೆರಡೂ ಅಲ್ಲ. ಅದರ ಹೆಸರನ್ನು ಬರೆಯುವಂತಿಲ್ಲ; ಅಲ್ಲಿರುವ ಹಲವರು ಹೊಡೆತ ತಾಳಲಾರದೆ ಓಡಿಬಂದವರಾದ್ದರಿಂದ ವಿಳಾಸ ಗುಟ್ಟಾಗಿರಬೇಕೆಂಬುದು ನಿಯಮ.

ಮೂಲನಿವಾಸಿಗಳಿಗೆ ಬೇರೆಯದೇ ಮನೆ ಏಕೆ, ಎಲ್ಲ ಬಡ ತಾಯಂದಿರಿಗೂ ಒಂದೇ ವ್ಯವಸ್ಥೆ ಸಾಲದೇ ಎಂದು ಇಲ್ಲಿನ ಕನ್ನಡ ಗೆಳೆಯರು ಕೇಳುವುದುಂಟು. ಪ್ರಶ್ನೆ ಅನ್ಯಾಯದ್ದೇನಲ್ಲ, ಆದರೆ ಅಂಕಿಗಳನ್ನು ನೋಡಬೇಕು. 2021ರ ಜನಗಣತಿಯ ಪ್ರಕಾರ ಕೆನಡಾದ 14 ವರ್ಷದೊಳಗಿನ ಮಕ್ಕಳಲ್ಲಿ ಮೂಲನಿವಾಸಿಗಳ ಪಾಲು ಶೇ. 7.7, ಪೋಷಕ ಕುಟುಂಬಗಳಲ್ಲಿರುವ ಅದೇ ವಯಸ್ಸಿನ ಮಕ್ಕಳಲ್ಲಿ ಅವರ ಪಾಲು ಶೇ. 53.8. ನಮ್ಮ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ಸರ್ಕಾರದ ಸುಪರ್ದಿಯಲ್ಲಿರುವ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮೂಲನಿವಾಸಿಗಳು. ಇದರ ಹಿಂದೆ ಒಂದು ಶತಮಾನಕ್ಕೂ ಮೀರಿದ ಚರಿತ್ರೆಯಿದೆ. 1990ರ ದಶಕದವರೆಗೂ ನಡೆದ ರೆಸಿಡೆನ್ಷಿಯಲ್ ಶಾಲೆಗಳಿಗೆ, ಅಂದರೆ ಸರ್ಕಾರ ಮತ್ತು ಚರ್ಚುಗಳ ವಸತಿಶಾಲೆಗಳಿಗೆ, 1.5 ಲಕ್ಷಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಸೇರಿಸಲಾಯಿತು. ಆ ಶಾಲೆಗಳ ಪ್ರಭಾವ ಕುಗ್ಗತೊಡಗಿದ ಕಾಲಕ್ಕೆ ಮಕ್ಕಳನ್ನು ಬಿಳಿಯರ ಮನೆಗಳಿಗೆ ದತ್ತು ಕೊಡುವ ಅಭ್ಯಾಸ ಬೆಳೆಯಿತು. ಇಂದು ಕೂಸನ್ನೆತ್ತಿಕೊಂಡು ಮಧ್ಯಂತರ ಮನೆಯ ಬಾಗಿಲಿಗೆ ಬರುವ ಹೆಣ್ಣುಮಗಳು ಸ್ವತಃ ಪೋಷಕ ಮನೆಗಳಲ್ಲಿ ಬೆಳೆದವಳು, ಆಕೆಯ ಅಜ್ಜಿ ಶಾಲೆಯ ಡಾರ್ಮಿಟರಿಯಲ್ಲಿ ಬೆಳೆದವಳು ಎಂಬುದು ಅಪರೂಪದ ಕಥೆಯಲ್ಲ. ಮಗುವನ್ನು ಹೇಗೆ ಎತ್ತಿಕೊಳ್ಳಬೇಕೆಂದು ತೋರಿಸಿಕೊಡುವ ಕೈಗಳನ್ನೇ ಮನೆಯಿಂದ ಕಿತ್ತುಕೊಂಡ ವ್ಯವಸ್ಥೆಯೇ ಇಂದು ಆಕೆಗೆ ಎತ್ತಿಕೊಳ್ಳಲು ಬರುವುದಿಲ್ಲ ಎಂದು ವರದಿ ಬರೆಯುತ್ತಿದೆ.

ಇಂಥ ಮನೆಗಳಿಗೆ ಸರ್ಕಾರದ ಬಳಿ ಹಣವಿರಲಿಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ. 2014ರಲ್ಲಿ ರೆಡ್ ನದಿಯಲ್ಲಿ ಶವವಾಗಿ ಸಿಕ್ಕ 15 ವರ್ಷದ ಮೂಲನಿವಾಸಿ ಹುಡುಗಿ ಟೀನಾ ಫಾಂಟೇನ್‌ಳನ್ನು ಮಕ್ಕಳ ರಕ್ಷಣಾ ಸಂಸ್ಥೆ ಹೋಟೆಲಿನಲ್ಲಿ ಇರಿಸಿತ್ತು. ಹೋಟೆಲಿನ ಬಾಡಿಗೆಗೂ ಅಲ್ಲಿನ ಪಾಳಿ ಕೆಲಸಗಾರರ ಸಂಬಳಕ್ಕೂ ಆಗ ಹಣವಿತ್ತು. 2005ರಿಂದ 2019ರವರೆಗೆ ಕೇಂದ್ರ ಸರ್ಕಾರ ಇಂಥ ಮಕ್ಕಳಿಗೆಂದು ಕೊಡುತ್ತಿದ್ದ ಭತ್ಯೆಯನ್ನು ಮ್ಯಾನಿಟೋಬಾ ಸರ್ಕಾರ ಸಂಸ್ಥೆಗಳಿಂದ ಕಸಿದು ತನ್ನ ಖಜಾನೆಗೆ ಸೇರಿಸಿಕೊಂಡಿತು. ಅದು ಕಾನೂನುಬಾಹಿರವೆಂದು 2022ರಲ್ಲಿ ಪ್ರಾಂತ್ಯದ ನ್ಯಾಯಾಲಯ ತೀರ್ಪಿತ್ತಿತು.

ಸಂಸ್ಕೃತಿಯ ಮಾತಿಗೆ ಬರೋಣ. ಸ್ವಾಗತ ಕೊಠಡಿಯ ಗೋಡೆಗೆ ಹದ್ದಿನ ಚಿತ್ರ ಬರೆಸಿ, ಒಳಗಿನ ನಿಯಮಗಳನ್ನೆಲ್ಲ ಹಳೆಯ ಆಶ್ರಯತಾಣದಂತೆಯೇ ಉಳಿಸಿಕೊಂಡಿರುವ ಕಟ್ಟಡಗಳೂ ಈ ದೇಶದಲ್ಲಿವೆ, ಅವಕ್ಕೂ ಅನುದಾನ ಸಿಗುತ್ತದೆ. ನಾನು ಹೋಗುವ ಮನೆಯಲ್ಲಿ ವ್ಯತ್ಯಾಸ ಕಾಣುವುದು ನಿಯಮಗಳಲ್ಲಿ. ಸೇಜ್ ಸೊಪ್ಪನ್ನೂ ಸ್ವೀಟ್‌ಗ್ರಾಸನ್ನೂ ಸುಟ್ಟು ಹೊಗೆಯನ್ನು ಮೈಮೇಲೆ ಎಳೆದುಕೊಳ್ಳುವ ಸ್ಮಜಿಂಗ್ ಆಚರಣೆಗೆ ಮಾಮೂಲಿ ಬಾಡಿಗೆ ಮನೆಯ ಕರಾರಿನಲ್ಲಿ ಹೆಚ್ಚಾಗಿ ಎಡೆಯಿರುವುದಿಲ್ಲ, ಹೊಗೆ ಎಂದರೆ ಹೊಗೆಯೇ. ಇಲ್ಲಿ ಅದಕ್ಕೆಂದೇ ಗಾಳಿ ಹೊರಹೋಗುವ ವ್ಯವಸ್ಥೆಯುಳ್ಳ ಕೋಣೆಯಿದೆ. ಸಾಮಾನ್ಯ ಆಶ್ರಯತಾಣ ಸಂದರ್ಶಕರನ್ನು ಅಪಾಯವೆಂದು ಎಣಿಸಿದರೆ, ಇಲ್ಲಿ ಅಜ್ಜಿ, ಚಿಕ್ಕಮ್ಮ, ಅಕ್ಕಂದಿರ ಹೆಸರುಗಳನ್ನು ದಾಖಲಾತಿಯ ದಿನವೇ ಕೇಳಿ ಬರೆದುಕೊಂಡು, ಅಪಾಯವಿಲ್ಲದವರನ್ನು ತಾವಾಗಿಯೇ ಕರೆಸುತ್ತಾರೆ. ಸಂಬಳ ಪಡೆದು ಮನೆಯಲ್ಲಿರುವ ಹಿರಿಯಜ್ಜಿಯೊಬ್ಬರಿದ್ದಾರೆ. ಆಪ್ತಸಮಾಲೋಚಕರ ಕೋಣೆಯ ಮುಂದಿನ ಕುರ್ಚಿ ಖಾಲಿಯಿದ್ದರೂ ಅಜ್ಜಿ ಹಿಟ್ಟು ಕಲಸಿ ಬ್ಯಾನಕ್ ರೊಟ್ಟಿ ತಟ್ಟುವ ಮೇಜಿನ ಸುತ್ತ ಜಾಗ ಸಿಗುವುದಿಲ್ಲ.

ಒಂದು ಮಧ್ಯಾಹ್ನ ಈ ಅಜ್ಜಿ ಮಕ್ಕಳ ಕೋಣೆಯ ಮೂಲೆಯಲ್ಲಿ ಎದುರುಬದುರು ಗೋಡೆಗಳ ಕೊಕ್ಕೆಗಳಿಗೆ ಎರಡು ಹಗ್ಗ ಕಟ್ಟಿ, ಕಂಬಳಿಯೊಂದನ್ನು ಅವುಗಳ ಮೇಲೆ ಹಾಯಿಸಿ ಒಳಕ್ಕೆ ಮಡಚಿ, ಹಗ್ಗಗಳು ಒಂದಕ್ಕೊಂದು ಕೂಡದಂತೆ ತಲೆಯ ಕಡೆಗೂ ಕಾಲಿನ ಕಡೆಗೂ ಒಂದೊಂದು ಕೋಲು ಸಿಕ್ಕಿಸಿದರು. ಕಂಬಳಿಗೆ ಗಂಟು ಒಂದೂ ಇಲ್ಲ. ಕೂಸಿನ ಭಾರವೇ ಮಡಿಕೆಯನ್ನು ಬಿಗಿಹಿಡಿಯುತ್ತದೆ. ಇಲ್ಲಿನ ಮೂಲನಿವಾಸಿಗಳಾದ ಕ್ರೀ ಜನ ವೇವೇಪಿಸನ್ ಎಂದು ಕರೆಯುವ ಈ ತೂಗುತೊಟ್ಟಿಲು, ನಮ್ಮ ಹೊಲಗಳ ಬದುವಿನ ಮರಕ್ಕೆ ಹಳೆಯ ಸೀರೆಯಿಂದ ಕಟ್ಟುವ ಜೋಲಿಯಂತೆಯೇ ತೂಗುತ್ತದೆ. ಮೂರು ದಿನಗಳಿಂದ ಮಗು ಮಲಗುತ್ತಿಲ್ಲವೆಂದು ಸೋತುಹೋಗಿದ್ದ ಹತ್ತೊಂಬತ್ತರ ತಾಯಿ ತೂಗುವ ದಾರವನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಕುಳಿತಳು. ಶಿಶುಗಳು ಸಮತಟ್ಟಾದ, ಗಟ್ಟಿ ಹಾಸಿಗೆಯ ಮೇಲೆಯೇ ಮಲಗಬೇಕೆಂಬ ಆರೋಗ್ಯ ಇಲಾಖೆಯ ಸಲಹೆಗೆ ಒಳ್ಳೆಯ ಕಾರಣಗಳಿವೆ, ಅದನ್ನು ಮನೆಯವರೂ ಅಲ್ಲಗಳೆಯುವುದಿಲ್ಲ. ಆದ್ದರಿಂದ ಹಗಲಲ್ಲಿ, ಯಾರಾದರೂ ಪಕ್ಕದಲ್ಲಿ ಕುಳಿತಿರುವಾಗ ಮಾತ್ರ ತೂಗುವುದು, ರಾತ್ರಿ ಮಂಚದ ತೊಟ್ಟಿಲು ಎಂದು ನರ್ಸ್ ಮತ್ತು ಅಜ್ಜಿ ಸೇರಿ ಗೊತ್ತುಮಾಡಿದ್ದಾರೆ. ಬೇರೆ ಕಡೆಯಾಗಿದ್ದರೆ ಆ ಹಗ್ಗಗಳು ಕಡತದಲ್ಲಿ ‘ಅಪಾಯಕಾರಿ ಮಲಗುವ ವ್ಯವಸ್ಥೆ’ ಎಂದು ದಾಖಲಾಗುತ್ತಿದ್ದವು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ.

ಇಂಥ ಮನೆಗಳಿಗೆ ಬರುವವರಲ್ಲಿ ಉತ್ತರದ ದೂರದ ಹಳ್ಳಿಗಳ ಬಸುರಿಯರೂ ಇದ್ದಾರೆ. ಹೆರಿಗೆ ಸೌಲಭ್ಯವಿಲ್ಲದ ಊರುಗಳಿಂದ ಅವರನ್ನು ದಿನ ತುಂಬುವ ಕೆಲವು ವಾರಗಳ ಮೊದಲೇ ವಿಮಾನದಲ್ಲಿ ನಗರಕ್ಕೆ ಕರೆತರುತ್ತಾರೆ. ಜೊತೆಗೊಬ್ಬರು ಬರಲು ಕೇಂದ್ರ ಸರ್ಕಾರ ಎಲ್ಲರಿಗೂ ಖರ್ಚು ಕೊಡತೊಡಗಿದ್ದು 2017ರಲ್ಲಿ. ಅದಕ್ಕೂ ಮೊದಲು ಹೆಚ್ಚಿನವರು ತಾಯಿ, ಅತ್ತೆ, ಗಂಡ ಯಾರೂ ಇಲ್ಲದೆ ಅಪರಿಚಿತರ ನಡುವೆ ಹೆತ್ತರು. ಆಸ್ಪತ್ರೆಗೆ ಗುಟ್ಟಾಗಿ ಮೊದಲೇ ಸೂಚನೆ ಕಳಿಸಿ, ಹೆರಿಗೆಯಾದ ಕೂಡಲೇ ಮಗುವನ್ನು ವಶಕ್ಕೆ ಪಡೆಯಲು ಅನುವು ಮಾಡುತ್ತಿದ್ದ ‘ಬರ್ತ್ ಅಲರ್ಟ್’ ಪದ್ಧತಿಯನ್ನು ಮ್ಯಾನಿಟೋಬಾ ನಿಲ್ಲಿಸಿದ್ದು 2020ರ ಜುಲೈ 1ರಂದು. ನಿಲ್ಲಿಸಿದ್ದು ಸರಿ, ಆದರೆ ಅಪಾಯದ ಸೂಚನೆ ಬರೆಯುತ್ತಿದ್ದ ಕೈಗೆ ಬದಲಾಗಿ ಆಸ್ಪತ್ರೆಯಿಂದ ಹೊರಬಂದ ಬಾಣಂತಿಯನ್ನು ಕರೆದೊಯ್ಯುವ ಮನೆಗಳು ಅದೇ ವೇಗದಲ್ಲಿ ಹುಟ್ಟಿಕೊಳ್ಳಲಿಲ್ಲ.

ಕಾನೂನು ಈಗ ತಾಯಂದಿರ ಪರವಾಗಿದೆ. ಮೂಲನಿವಾಸಿ ಮಕ್ಕಳು ಮತ್ತು ಕುಟುಂಬಗಳಿಗೆ ಸಂಬಂಧಿಸಿ 2020ರ ಜನವರಿ 1ರಂದು ಜಾರಿಗೆ ಬಂದ ಕೇಂದ್ರ ಕಾಯಿದೆಯ 15ನೇ ಸೆಕ್ಷನ್, ಬಡತನ ಅಥವಾ ಸರಿಯಾದ ವಸತಿಯ ಕೊರತೆಯನ್ನೇ ಏಕೈಕ ಕಾರಣವಾಗಿಸಿಕೊಂಡು ಮಗುವನ್ನು ವಶಕ್ಕೆ ಪಡೆಯುವಂತಿಲ್ಲ ಎನ್ನುತ್ತದೆ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇಡೀ ಕಾಯಿದೆಯನ್ನು ಎತ್ತಿಹಿಡಿಯಿತು. ‘ಏಕೈಕ’ ಎಂಬ ಮಾತು ಎಷ್ಟು ಸಡಿಲವೆಂದು ಸಮಾಜ ಕಾರ್ಯಕರ್ತರೆಲ್ಲರಿಗೂ ಗೊತ್ತು. ಇನ್ನೊಂದು ಸಣ್ಣ ಕಾರಣವನ್ನು ಪಕ್ಕಕ್ಕೆ ಬರೆದರೆ ಸಾಕು. ಖಾಲಿಯಿರುವ ಕೋಣೆಯೊಂದನ್ನು ತೋರಿಸಬಲ್ಲ ವಕೀಲರ ಮಾತಿಗೆ ಮಾತ್ರ ನ್ಯಾಯಾಧೀಶರ ಮುಂದೆ ತೂಕ ಬರುತ್ತದೆ.

ಈ ಮನೆಗಳ ದುರ್ಬಲ ಕೊಂಡಿ ಅವುಗಳ ಹೆಸರಿನಲ್ಲಿಯೇ ಇದೆ: ಅವು ಮಧ್ಯಂತರ. ಅವಧಿ ಮುಗಿದಾಗ ಹೊರಗೆ ಬಾಡಿಗೆ ಮನೆ ಸಿಗಬೇಕು. ಹಿಂದಿನ ಮಾಲೀಕರ ಶಿಫಾರಸು ಪತ್ರ, ಬ್ಯಾಂಕಿನ ಸಾಲದ ಇತಿಹಾಸ, ಉದ್ಯೋಗದ ಪುರಾವೆ ಎಂದು ಕೇಳಿದರೆ, ಆಶ್ರಯದಲ್ಲಿದ್ದ ತಾಯಿಯ ಬಳಿ ಇವುಗಳಲ್ಲಿ ಒಂದೂ ಇರುವುದಿಲ್ಲ. ಹೆಸರು ಅಥವಾ ಮುಖ ನೋಡಿಯೇ ‘ಮನೆ ಹೋಗಿಬಿಟ್ಟಿತು’ ಎನ್ನುವವರೂ ಇದ್ದಾರೆ. ಇಲ್ಲಿ ನೆಲೆಸಿದ ಕನ್ನಡಿಗರಲ್ಲಿ ಹಲವರು ಈಗ ಒಂದೋ ಎರಡೋ ಮನೆಗಳನ್ನು, ಇಲ್ಲವೇ ಬೇಸ್‌ಮೆಂಟನ್ನು ಬಾಡಿಗೆಗೆ ಕೊಡುತ್ತಿದ್ದಾರೆ, ಆದ್ದರಿಂದ ಇದು ನಮಗೆ ಹೊರಗಿನ ವಿಷಯವೇನಲ್ಲ. ಪ್ರಾಂತ್ಯದ ನೆರವು ಪಡೆಯುವವರ ಬಾಡಿಗೆಯನ್ನು ಇಲಾಖೆಯೇ ನೇರವಾಗಿ ಮಾಲೀಕರಿಗೆ ಪಾವತಿಸುವ ಅವಕಾಶವಿದೆ; ಮಧ್ಯಂತರ ಮನೆಯ ಕಾರ್ಯಕರ್ತೆ ಹೊಸ ಮನೆಗೆ ಹೋದ ಮೇಲೂ ಕೆಲವು ತಿಂಗಳು ಭೇಟಿ ಕೊಡುತ್ತಿರುತ್ತಾರೆ, ನಲ್ಲಿ ಸೋರಿದರೂ ಬಾಡಿಗೆ ತಡವಾದರೂ ಅವರಿಗೊಂದು ಫೋನ್ ಮಾಡಬಹುದು. ಮುಂದಿನ ಸಲ ಅರ್ಜಿಯೊಂದರಲ್ಲಿ ಹಿಂದಿನ ವಿಳಾಸದ ಜಾಗದಲ್ಲಿ ಇಂಥ ಸಂಸ್ಥೆಯೊಂದರ ಹೆಸರು ಕಂಡರೆ, ಅದನ್ನು ಬದಿಗಿಡುವ ಮೊದಲು ಆ ಸಂಸ್ಥೆಗೆ ಕರೆಮಾಡಿ ಮಾತಾಡಿ. ಎರಡು ಕೋಣೆ ಇದ್ದರೆ ಅದನ್ನೂ ಹೇಳಿ, ಅವರು ಮೊದಲು ಕೇಳುವ ಪ್ರಶ್ನೆ ಅದೇ.