ಕ್ಲೂನಿ ಕಡೆ ಹೋಗುವವರಿಗೆ: ಸೈಕಲ್ ನಂಬಿ, ಬಸ್ ನಂಬಬೇಡಿ

ಮೊದಲು ಬಸ್ಸಿನ ಕಥೆ ಹೇಳಿಬಿಡುತ್ತೇನೆ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಉಳಿದದ್ದನ್ನು ಹೊಗಳಲು ನನ್ನಿಂದ ಆಗದು.

ಫ್ರಾನ್ಸಿನ ಬರ್ಗಂಡಿ ಸೀಮೆಯ ದಕ್ಷಿಣದಲ್ಲಿ ಮಾಕೋನ್ ಅಂತ ಒಂದು ಊರು. ನಾವು ಹೊರಟಿದ್ದ ಕ್ಲೂನಿ, ಹಳೇ ಮಠದ ಊರು, ಅದರ ಹತ್ತಿರವೇ. ಅಲ್ಲಿಗೆ ಈಗ ರೈಲಿಲ್ಲ, ಮಾಕೋನ್‌ನಲ್ಲಿ ಇಳಿದು ಮುಂದೆ ಹೋಗಬೇಕು. ಮಾಕೋನ್‌ಗೆ ಎರಡು ಸ್ಟೇಷನ್. ಪ್ಯಾರಿಸ್ ಕಡೆಯ ಟಿಜಿವಿ ಅನ್ನುವ ವೇಗದ ರೈಲು ನಿಲ್ಲುವುದು ಊರಾಚೆ ಇರುವ ಮಾಕೋನ್-ಲೋಶೆಯಲ್ಲಿ. ಲಿಯಾನ್ ಕಡೆಯಿಂದ ಬರುವ ಸಾದಾ ರೈಲು ಊರೊಳಗಿನ ಮಾಕೋನ್-ವಿಲ್‌ಗೆ ಬರುತ್ತದೆ. ಎರಡಕ್ಕೂ ನಡುವೆ ಕೆಲವು ಕಿಲೋಮೀಟರ್ ದೂರ. ಟಿಕೆಟ್ ಮಾಡಿಸುವಾಗ ಹೆಸರು ಪೂರ್ತಿ ಓದಿಕೊಳ್ಳಿ. ನನ್ನ ತಮ್ಮ ಲಿಯಾನ್‌ನಲ್ಲಿ ಕೆಲಸದಲ್ಲಿದ್ದಾನೆ. ಹಾಗಾಗಿ ನಾನೂ ನಮ್ಮ ಮನೆಯವರೂ ಊರೊಳಗೇ ಇಳಿದೆವು.

ಅದು ಮೇ ತಿಂಗಳ ಒಂದು ಗುರುವಾರ. ಸ್ಟಾಪಿನ ಬೋರ್ಡಿನಲ್ಲಿ ಮಧ್ಯಾಹ್ನದ ಬಸ್ಸಿನ ಟೈಮ್ ಇತ್ತು. ಆ್ಯಪ್‌ನಲ್ಲೂ ಅದೇ ಇತ್ತು, ದುಡ್ಡು ತೆಗೆದುಕೊಂಡು ಟಿಕೆಟ್ಟೂ ಕೊಟ್ಟಿತು. ಬಸ್ ಮಾತ್ರ ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ. ಕೊನೆಗೆ ತಮ್ಮನಿಗೆ ಫೋನ್ ಮಾಡಿದೆ. "ಅಕ್ಕಾ, ಇವತ್ತು ಅಸೆನ್ಷನ್ ಅಲ್ವಾ, ರಜೆ. ಟೈಮಿನ ಪಕ್ಕ ಸಣ್ಣದಾಗಿ ಟೆಲಿಫೋನ್ ಚಿತ್ರ ಇದೆಯಾ ನೋಡು" ಅಂದ. ಇತ್ತು, ಕನ್ನಡಕ ಹಾಕಿಕೊಂಡರೆ ಕಾಣಿಸುವಷ್ಟು. ಆ ಗುರುತಿರುವ ಬಸ್ಸಿಗೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿಡಬೇಕಂತೆ. ಯಾರೂ ಹೇಳದಿದ್ದರೆ ಗಾಡಿ ಹೊರಡುವುದೇ ಇಲ್ಲ. ಹಾಗಿದ್ದ ಮೇಲೆ ಟಿಕೆಟ್ ಯಾಕೆ ಮಾರಬೇಕಿತ್ತು? ಇಬ್ಬರಿಗೂ ಸೇರಿ 10 ಯೂರೋ ಕೂಡ ಆಗದ ದಾರಿಗೆ ಟ್ಯಾಕ್ಸಿಯವನಿಗೆ 60ಕ್ಕಿಂತ ಜಾಸ್ತಿ ಎಣಿಸಿದೆವು. ಟಿಕೆಟ್ ದುಡ್ಡು ವಾಪಸ್ ಕೇಳಿ ಬರೆದ ಮೇಲ್‌ಗೆ ಇನ್ನೂ ಉತ್ತರವಿಲ್ಲ.

ಆದ್ದರಿಂದ ಹೋಟೆಲ್ ನೋಡುವ ಮೊದಲು ಕ್ಯಾಲೆಂಡರ್ ನೋಡಿ. ಮೇ 1 ರಜೆ. ಎರಡನೇ ಮಹಾಯುದ್ಧ ಮುಗಿದ ನೆನಪಿಗೆ ಮೇ 8 ರಜೆ. ಈಸ್ಟರ್ ಆದ ಆರನೇ ವಾರದ ಗುರುವಾರ ಅಸೆನ್ಷನ್, ಏಸು ಸ್ವರ್ಗಕ್ಕೇರಿದ ನೆನಪಿನ ಹಬ್ಬ. ಮರುದಿನ ಶುಕ್ರವಾರವನ್ನೂ ಸೇರಿಸಿಕೊಂಡು ಅರ್ಧ ದೇಶ ರಜೆ ಹಾಕುತ್ತದೆ. ಆಮೇಲೆ ಪೆಂಟೆಕಾಸ್ಟ್ ಅನ್ನುವ ಇನ್ನೊಂದು ಕ್ರೈಸ್ತ ಹಬ್ಬದ ಸೋಮವಾರ. ಇದರ ಮೇಲೆ ಬಸ್ಸುಗಳಿಗೆ ಸ್ಕೂಲ್ ಇರುವ ದಿನಕ್ಕೊಂದು, ಇಲ್ಲದ ದಿನಕ್ಕೊಂದು ವೇಳಾಪಟ್ಟಿ. ಮೇ ತಿಂಗಳ ಹವಾ ಚೆನ್ನಾಗಿರುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಈ ರಜೆಗಳ ಮಾತು ಯಾರೂ ಎತ್ತುವುದಿಲ್ಲ.

ಇನ್ನು ಸೈಕಲ್. ಕ್ಲೂನಿಗೆ ರೈಲಿಲ್ಲ ಅಂದೆನಲ್ಲ, ಆ ಮುಚ್ಚಿದ ರೈಲು ದಾರಿಯೇ ಈಗ ಸೈಕಲ್ ದಾರಿ. ಹಳಿ ಕಿತ್ತು ಡಾಂಬರು ಹಾಕಿದ್ದಾರೆ. ಫ್ರಾನ್ಸಿನಲ್ಲಿ 'ವ್ವಾ ವೆರ್ತ್' ಅನ್ನುವ ಇಂಥ ದಾರಿಗಳಲ್ಲಿ ಮೊದಲನೆಯದು ಇದೇ. ಜಿವ್ರಿಯಿಂದ ಕ್ಲೂನಿವರೆಗೆ ಸುಮಾರು 44 ಕಿಲೋಮೀಟರ್, 1997ರಲ್ಲಿ ತೆರೆದದ್ದು. ರೈಲು ಏರಬಲ್ಲಷ್ಟೇ ಏರು ಇರುವುದರಿಂದ ತುಳಿಯುವುದೇ ಗೊತ್ತಾಗುವುದಿಲ್ಲ. ಮೊಣಕಾಲು ನೋವಿನ ನಮ್ಮ ಮನೆಯವರು ದಾರಿಯುದ್ದಕ್ಕೂ ಹಾಡು ಹೇಳಿಕೊಂಡೇ ಬಂದರು. ಕಾರು, ಬೈಕು ಬಿಡುವುದಿಲ್ಲ. ರಸ್ತೆ ದಾಟುವ ಕಡೆ ಮಾತ್ರ ನಿಂತು ನೋಡಿ ದಾಟಬೇಕು. ಹಳೇ ಸ್ಟೇಷನ್ ಕಟ್ಟಡಗಳು ಅಲ್ಲಲ್ಲಿ ಹಾಗೇ ಉಳಿದಿವೆ.

ಬಾಡಿಗೆ ಸೈಕಲ್ ಸಿಗುತ್ತದೆ, ಬ್ಯಾಟರಿಯದೂ ಸಿಗುತ್ತದೆ. ನಮಗೆ ಸೈಕಲ್ ಕೊಟ್ಟ ಅಂಗಡಿಯವನು ಡೆಪಾಸಿಟ್ಟಿಗೆ ಫೋರೆಕ್ಸ್ ಕಾರ್ಡ್ ಒಪ್ಪಲಿಲ್ಲ, ಕ್ರೆಡಿಟ್ ಕಾರ್ಡೇ ಬೇಕು ಅಂದ. ಒಂದು ಜೊತೆಗಿರಲಿ. ದಾರಿಯಲ್ಲಿ ನೀರು ಬೇಕಾದರೆ ಊರ ಸ್ಮಶಾನಕ್ಕೆ ಹೋಗಿ, ತಮಾಷೆಗೆ ಹೇಳುತ್ತಿಲ್ಲ. ಗೋರಿಯ ಮೇಲಿನ ಹೂಗಿಡಗಳಿಗೆ ಹಾಕಲು ಅಲ್ಲಿ ನಲ್ಲಿ ಇಟ್ಟಿರುತ್ತಾರೆ. ಅಲ್ಲಿನ ಸೈಕಲ್‌ನವರೆಲ್ಲ ಬಾಟಲಿ ತುಂಬಿಸುವುದು ಅಲ್ಲೇ. 'ನೋಂ ಪೊತಾಬ್ಲ್' ಅಂತ ಬೋರ್ಡ್ ಇದ್ದರೆ ಮಾತ್ರ ಕುಡಿಯಬೇಡಿ. ಮಡಿ ಮೈಲಿಗೆ ನೋಡುವವರು ಎರಡು ಬಾಟಲಿ ಹೊತ್ತುಕೊಳ್ಳಿ.

ಕ್ಲೂನಿಯಿಂದ ಮಾಕೋನ್ ಕಡೆಗೂ ಈ ದಾರಿ ಮುಂದುವರಿದಿದೆ. ನಡುವೆ ಬ್ವಾ ಕ್ಲೇರ್ ಅನ್ನುವ 1.6 ಕಿಲೋಮೀಟರ್ ಉದ್ದದ ಸುರಂಗ. ಹೊರಗೆ ಎಷ್ಟೇ ಬಿಸಿಲಿರಲಿ, ಒಳಗೆ ಚಳಿ. ಸ್ವೆಟರ್ ಕೈಗೆ ಸಿಗುವಂತಿರಲಿ. ಚಳಿಗಾಲದಲ್ಲಿ ಬಾವಲಿಗಳಿಗಾಗಿ ಸುರಂಗ ಮುಚ್ಚುತ್ತಾರೆ. ಆಗ ಗುಡ್ಡ ಹತ್ತಿ ಇಳಿಯಬೇಕು, ಸುಮ್ನೆ ಹೋಗಬೇಡಿ.

ಈಗ ಊಟದ ವಿಷಯ. ಕ್ಲೂನಿಯಿಂದ ಉತ್ತರಕ್ಕೆ ಇದೇ ದಾರಿಯಲ್ಲಿ ಸಾಂ-ಜಂಗೂ ಅಂತ ಹಳೇ ಪೇಟೆ. ಅಲ್ಲಿಗೆ ಹೋಗುವಾಗ ಹನ್ನೆರಡು ದಾಟಿತ್ತು. ಒಂದು ಹೋಟೆಲ್ ಮುಂದೆ ಪ್ಲಂಬರ್, ಎಲೆಕ್ಟ್ರಿಷಿಯನ್‌ಗಳ ವ್ಯಾನುಗಳು ಸಾಲಾಗಿ ನಿಂತಿದ್ದವು. ಇಂಥ ಜಾಗ ಕಂಡರೆ ಯೋಚಿಸದೆ ಒಳಗೆ ಹೋಗಿ. ಬೋರ್ಡಿನಲ್ಲಿ ಒಂದೇ ಊಟ, 16 ಯೂರೋ. ನಾವು ಮಾಂಸ ತಿನ್ನುವುದಿಲ್ಲ ಅಂತ ಕೈಸನ್ನೆಯಲ್ಲಿ ಹೇಳಿದೆವು. ಯಜಮಾನಿ ಒಮ್ಮೆ ನಮ್ಮನ್ನು, ಒಮ್ಮೆ ಅಡುಗೆಮನೆಯನ್ನು ನೋಡಿ ಹೋದರು. ಸರಿ, ಬ್ರೆಡ್ ತಿಂದು ಏಳಬೇಕು ಅಂದುಕೊಂಡೆ.

ಬಂದದ್ದು ನೋಡಿ. ಮೊದಲು ತುರಿದ ಕ್ಯಾರೆಟ್, ಬೀಟ್‌ರೂಟ್, ಬೇಯಿಸಿದ ಹಸಿರು ಬೇಳೆಗೆ ಸಾಸಿವೆ ಹಾಕಿದ ಸಲಾಡ್. ಆಮೇಲೆ ಅಣಬೆ ತುಂಬಿದ ಆಮ್ಲೆಟ್, ಅಂಚು ಕಂದು, ನಡುವೆ ಇನ್ನೂ ಮೆತ್ತಗೆ. ಜೊತೆಗೆ ಹಾಲು, ಕ್ರೀಮ್‌ನಲ್ಲಿ ಬೇಯಿಸಿದ ಆಲೂಗಡ್ಡೆ. ಅದನ್ನು ತಟ್ಟೆಗೆ ಹಾಕಿ ಹೋದವರು ಮತ್ತೆ ಬಂದು ಕೇಳದೆಯೇ ಇನ್ನೊಂದು ಸೌಟು ಹಾಕಿದರು. ಬ್ರೆಡ್ ಬುಟ್ಟಿ ಖಾಲಿಯಾಗಲು ಬಿಡಲಿಲ್ಲ. ನಲ್ಲಿ ನೀರಿನ ಜಗ್ ಕೇಳಿದರೆ ಕೊಡಲೇಬೇಕು, ದುಡ್ಡಿಲ್ಲ. ಕೊನೆಗೆ ಫ್ರೊಮಾಜ್ ಬ್ಲಾಂ, ನಮ್ಮ ಬಟ್ಟೆಯಲ್ಲಿ ಕಟ್ಟಿಟ್ಟ ಗಟ್ಟಿ ಮೊಸರಿನ ಹಾಗೆ. ಉಳಿದವರು ಸಕ್ಕರೆ, ಕ್ರೀಮ್ ಹಾಕಿಕೊಂಡರು. ನಮ್ಮ ಮನೆಯವರು ಬ್ಯಾಗಿನಿಂದ ಮಿಡಿ ಉಪ್ಪಿನಕಾಯಿ ತೆಗೆದರು! ನನಗೆ ನಾಚಿಕೆಯಾಯಿತು. ಆದರೆ ಯಜಮಾನಿ ಬಂದು ಮೂಸಿ, ಚೂರು ನಾಲಿಗೆಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ ತೆರೆದು, ಪಕ್ಕದ ಟೇಬಲ್ಲಿನ ಪ್ಲಂಬರಿಗೂ ತಿನ್ನಿಸಿದರು. ಇಡೀ ಪ್ರವಾಸದಲ್ಲಿ ಅಷ್ಟು ನಕ್ಕ ಊಟ ಬೇರೆ ಇಲ್ಲ.

ಆದರೆ ಗಡಿಯಾರ ನೋಡಿಕೊಳ್ಳಿ. ಊಟ ಹನ್ನೆರಡರಿಂದ ಎರಡರವರೆಗೆ ಅಷ್ಟೇ. ಎರಡು ಗಂಟೆ ದಾಟಿದರೆ ಎಷ್ಟು ಬೇಡಿದರೂ ಒಲೆ ಹಚ್ಚುವುದಿಲ್ಲ. ರಾತ್ರಿ ಏಳರ ತನಕ ಕಾಯಬೇಕು. ಭಾನುವಾರ ಮಧ್ಯಾಹ್ನ ಮತ್ತು ಸೋಮವಾರ ಅಂಗಡಿ ಬಾಗಿಲು ಹಾಕಿರುವುದೇ ಜಾಸ್ತಿ. ಶನಿವಾರವೇ ಬ್ರೆಡ್ಡು, ಹಣ್ಣು ಕೊಂಡಿಡಿ. ಸಸ್ಯಾಹಾರಿಗಳಿಗೆ ಇನ್ನೊಂದು ಎಚ್ಚರಿಕೆ: 'ಲಾರ್ದೋಂ' ಅನ್ನುವ ಹಂದಿಮಾಂಸದ ಚೂರುಗಳು ಸಲಾಡು, ಕೀಷ್, ಮೊಟ್ಟೆ ಎಲ್ಲದರಲ್ಲೂ ನುಸುಳುತ್ತವೆ. ಮಾಂಸ ಬೇಡ ಅಂದರೆ ಸಾಲದು, ಲಾರ್ದೋಂ ಬೇಡ ಅಂತಲೂ ಹೆಸರು ಹಿಡಿದು ಹೇಳಿ.

ಕ್ಲೂನಿಯಲ್ಲಿ ನೋಡಬೇಕಾದದ್ದು ಇಲ್ಲದ ಚರ್ಚು. ಹೀಗಂದರೆ ವಿಚಿತ್ರ ಅನ್ನಿಸುತ್ತದೆ, ಗೊತ್ತು. 910ರಲ್ಲಿ ಇಲ್ಲಿ ಬೆನೆಡಿಕ್ಟ್ ಪಂಥದ ಮಠ ಶುರುವಾಯಿತು. 1088ರಲ್ಲಿ ಕಟ್ಟತೊಡಗಿದ ಮೂರನೇ ಚರ್ಚಿನ ಉದ್ದ 187 ಮೀಟರ್. ರೋಮ್‌ನಲ್ಲಿ ಈಗಿನ ಸೇಂಟ್ ಪೀಟರ್ಸ್ ಏಳುವ ತನಕ ಕ್ರೈಸ್ತ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡದಿರಲಿಲ್ಲ. ಫ್ರೆಂಚ್ ಕ್ರಾಂತಿಯ ನಂತರ ಸರ್ಕಾರ ಇದನ್ನು ಹರಾಜು ಹಾಕಿತು. ಕೊಂಡವರು ನಡುವೆ ರಸ್ತೆ ಕೊರೆದು ಕಲ್ಲು ಕಿತ್ತು ಮಾರಿದರು. ಕೆಡವುವ ಕೆಲಸ ಇಪ್ಪತ್ತು ವರ್ಷಕ್ಕೂ ಹೆಚ್ಚು ನಡೆಯಿತು. ಈಗ ಉಳಿದಿರುವುದು ಹತ್ತರಲ್ಲೊಂದು ಪಾಲೂ ಇಲ್ಲ. ಎಂಟು ಮೂಲೆಯ ಒಂದು ಗೋಪುರ, ಅದರ ಕೆಳಗೆ ಶಿಲುಬೆಯಾಕಾರದ ಚರ್ಚಿನ ಒಂದು ಪಕ್ಕದ ತೋಳು, ಬಾಗಿಲ ಬಳಿ ಕಂಬಗಳ ಬುಡ. ಬುಡದ ಹತ್ತಿರ ನಿಂತು ಗೋಪುರದ ಕಡೆ ನೋಡಿ. ಅಷ್ಟು ದೂರವೂ ಒಂದೇ ಸೂರಿನ ಕೆಳಗಿತ್ತು ಅಂತ ಆಗ ಅರಿವಾಗುತ್ತದೆ. ಹಂಪಿಯ ಬಜಾರು ನೋಡಿದವರಿಗೆ ಈ ಖಾಲಿ ಜಾಗದ ಸಂಕಟ ಬೇಗ ತಟ್ಟುತ್ತದೆ. ಒಳಗೆ ತೋರಿಸುವ 3ಡಿ ಫಿಲಂ ಮೊದಲು ನೋಡಿ, ಆಮೇಲೆ ಸುತ್ತಾಡಿ. ಊರಿನ ತೂರ್ ದೆ ಫ್ರೊಮಾಜ್ ಗೋಪುರ ಹತ್ತಿದರೆ ಮೇಲಿನಿಂದ ಪೂರ್ತಿ ನಕ್ಷೆ ಕಾಣುತ್ತದೆ. ಮೇ 1ರಂದು ಮಠ ಮುಚ್ಚಿರುತ್ತದೆ.

ಲ್ವಾರ್ ನದಿಯ ಅರಮನೆಗಳಿಗೆ ಹೋಗಲಿಲ್ಲವಾ ಅಂತ ಎಲ್ಲರೂ ಕೇಳಿದರು. ಕ್ಯೂ ನಿಂತು ನೋಡುವುದು ನನಗಾಗದು. ನಮ್ಮ ಸೈಕಲ್ ದಾರಿಯಲ್ಲೇ ಕೊರ್ಮಾತಾನ್ ಅರಮನೆ ಇದೆ, 17ನೇ ಶತಮಾನದ್ದು. ಚಿನ್ನದ ಬಣ್ಣ, ನೀಲಿ ಬಣ್ಣ ತುಂಬಿದ ಕೋಣೆಗಳು, ಸುತ್ತ ಕಂದಕ, ತೋಟ. ನನಗೆ ಅಷ್ಟು ಸಾಕಾಯಿತು. ಅಲ್ಲಿಂದ ಪೂರ್ವಕ್ಕೆ ತಿರುಗಿದರೆ ಶಪೇಜ್ ಎಂಬ ಹಳ್ಳಿ, ನಾಲ್ಕು ಮನೆ, ಅವುಗಳ ನಡುವೆ 11ನೇ ಶತಮಾನದ ಚರ್ಚು, ಅದರ ಗಾತ್ರಕ್ಕೆ ಮೀರಿದ ಎತ್ತರದ ಗಂಟೆಗೋಪುರ. ನಾವು ಹೋದಾಗ ಒಳಗೆ ಯಾರೂ ಇರಲಿಲ್ಲ, ಟಿಕೆಟ್ಟೂ ಇಲ್ಲ. ಇನ್ನೂ ಮುಂದೆ ಗುಡ್ಡದ ಮೇಲೆ ಬ್ರಾಂಸಿಯೋನ್ ಕೋಟೆ. ಇಲ್ಲಿಗೆ ಬ್ಯಾಟರಿ ಸೈಕಲ್ಲೇ ಆಗಬೇಕು.

ತೈಝೆ ಕೂಡ ಹತ್ತಿರವೇ. 1940ರಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಬ್ರದರ್ ರೋಜೆ ಕಟ್ಟಿದ ಆಶ್ರಮ. ಬೇಸಿಗೆಯಲ್ಲಿ ವಾರವಾರವೂ ಸಾವಿರಾರು ಯುವಕರು ಬರುತ್ತಾರೆ. ದಿನಕ್ಕೆ ಮೂರು ಸಲ ಪ್ರಾರ್ಥನೆ, ಯಾರು ಬೇಕಾದರೂ ಕೂರಬಹುದು. ಹಾಡು ಇಂಪು, ಜನ ವಿಪರೀತ. ಒಂದು ಪ್ರಾರ್ಥನೆಗೆ ಕೂತು ಎದ್ದು ಬಂದೆ.

ಮಾಕೋನ್ ಹತ್ತಿರದ ಸೊಲುತ್ರೆ ಬಂಡೆಗೆ ಮಾತ್ರ ತಪ್ಪದೆ ಹೋಗಿ, ಆದರೆ ಭಾನುವಾರ ಬೇಡ. 493 ಮೀಟರ್ ಎತ್ತರ, ಕೆಳಗೆಲ್ಲ ದ್ರಾಕ್ಷಿ ತೋಟ. ಬುಡದಲ್ಲಿ ಶಿಲಾಯುಗದ ಬೇಟೆಗಾರರು ಕೊಂದ ಕುದುರೆಗಳ ರಾಶಿ ರಾಶಿ ಮೂಳೆ ಸಿಕ್ಕಿದೆ. ಕುದುರೆಗಳನ್ನು ಬಂಡೆ ಮೇಲಿನಿಂದ ಅಟ್ಟಿ ಬೀಳಿಸುತ್ತಿದ್ದರು ಅನ್ನುವ ಕಥೆಯನ್ನು ಇನ್ನೂ ಹೇಳುತ್ತಾರೆ. ಪುರಾತತ್ವದವರು ಅದನ್ನು ಒಪ್ಪುವುದಿಲ್ಲ, ಬುಡದಲ್ಲೇ ಅಡ್ಡಗಟ್ಟಿ ಕೊಲ್ಲುತ್ತಿದ್ದರು ಅನ್ನುತ್ತಾರೆ. ಫ್ರಾನ್ಸಿನ ಅಧ್ಯಕ್ಷರಾಗಿದ್ದ ಮಿತೆರಾಂ ಪ್ರತಿ ವರ್ಷ ಪೆಂಟೆಕಾಸ್ಟ್‌ಗೆ ಹತ್ತುತ್ತಿದ್ದ ಬಂಡೆ ಇದು. ಮಳೆಯಾದ ಮೇಲೆ ಸುಣ್ಣಕಲ್ಲು ಜಾರುತ್ತದೆ, ಚಪ್ಪಲಿಯಲ್ಲಿ ಹೋಗಬೇಡಿ. ಈ ಸೀಮೆಯ ಸಣ್ಣ ನಡೆದಾರಿಗಳಿಗೆ ಹಳದಿ ಪಟ್ಟಿ ಬಳಿದಿರುತ್ತಾರೆ. ಎರಡು ಪಟ್ಟಿ ಗುಣಿಸುವ ಚಿಹ್ನೆಯ ಹಾಗೆ ಗೀಚಿದ್ದರೆ ಅದು ನಿಮ್ಮ ದಾರಿ ಅಲ್ಲ, ಹಿಂದಕ್ಕೆ ತಿರುಗಿ.

ರೂಮಿನ ಬಗ್ಗೆ ಒಂದೇ ಮಾತು. ಹಳ್ಳಿ ಕಡೆ ಅಗ್ಗದ ವಸತಿ ಬುಕ್ ಮಾಡಿದರೆ ಹಾಸಿಗೆ ಬಟ್ಟೆ, ಟವೆಲ್ ಸೇರಿದೆಯಾ ಅಂತ ಕೇಳಿ. ನಾವು ಉಳಿದ ಒಂದು ಕಡೆ ಬೆಡ್‌ಶೀಟಿಗೆ, ಟವೆಲಿಗೆ, ಕೊನೆಗೆ ಗುಡಿಸುವುದಕ್ಕೂ ಬೇರೆ ಬೇರೆ ದುಡ್ಡು ಕಿತ್ತರು. ತಲೆಗಿಷ್ಟು ಅಂತ ಪ್ರವಾಸಿ ತೆರಿಗೆಯೂ ಪ್ರತ್ಯೇಕ.

ಹೊರಡುವ ದಿನ ಶನಿವಾರವಾದರೆ ಒಳ್ಳೆಯದು, ಬೆಳಿಗ್ಗೆ ಕ್ಲೂನಿಯಲ್ಲಿ ಸಂತೆ. ಮಾಕೊನೆ ಅನ್ನುವ ಪುಟ್ಟ ಮೇಕೆ ಹಾಲಿನ ಚೀಸ್ ಕೇಳಿ. ಹೆಪ್ಪಿಗೆ ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ, ಕಟ್ಟುನಿಟ್ಟಿನವರು ಬಿಟ್ಟುಬಿಡಿ. ಉಳಿದವರು ಹಸಿಯದನ್ನು ಅಲ್ಲೇ ಬ್ರೆಡ್ ಜೊತೆ ತಿಂದು ಮುಗಿಸಿ, ಒಣಗಿದ್ದನ್ನು ಕಟ್ಟಿಸಿಕೊಳ್ಳಿ. ಎರಡು ಪದರ ಪ್ಲಾಸ್ಟಿಕ್ ಹಾಕಿ, ರೈಲಿನಲ್ಲಿ ವಾಸನೆ ಬರುತ್ತದೆ.